ಹೊತ್ತಿದ ಕೊಬ್ಬರಿ

ಕಳೆದ ಭಾನುವಾರ ಅಮೆರಿಕದ ಸ್ಯಾನ್ ಡಿಯಾಗೊದ ಕರ್ನಿ ಮೆಸಾ ಬಡಾವಣೆಯ ಹೋಟೆಲೊಂದರ ಅಡುಗೆಮನೆಯಿಂದ ಹೊತ್ತಿದ ಕೊಬ್ಬರಿಯ ವಾಸನೆ ಬಂತು. ಎದುರು ಕೂತಿದ್ದ ಗೆಳೆಯ ಅಡುಗೆಮನೆಯ ಕಡೆ ತಿರುಗಿದ. ಇಬ್ಬರಿಗೂ ನನ್ನ ಪಕ್ಕದ ಮನೆಯ ಆಂಟಿ ನೆನಪಾಗಿದ್ದರು...

ಆಂಟಿ ಹುಟ್ಟಿದ್ದು ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾದಲ್ಲಿ, ತೆಂಗಿನ ತೋಟದ ಕೂಲಿಗಳ ಮಗಳಾಗಿ. ಬ್ರಿಟಿಷರ ವಸಾಹತು ಅದು. ಅಮೆರಿಕದ ಸೇನಾನೆಲೆಗಾಗಿ ಜನರನ್ನೆಲ್ಲ ಹಡಗಿಗೆ ತುಂಬಿ ಹೊರಹಾಕಿದಾಗ ಅವರಿನ್ನೂ ಚಿಕ್ಕ ಹುಡುಗಿ. ಮಾರಿಷಸ್‌ನಲ್ಲಿ ಬೆಳೆದು, ಮಂಗಳೂರಿನ ಹಡಗು ಮೆಕ್ಯಾನಿಕ್ ಒಬ್ಬರನ್ನು ಮದುವೆಯಾಗಿ, ಅತ್ತೆಯಿಂದ ಕನ್ನಡ ಕಲಿತರು. ಆದರೆ ಮಸಾಲೆಗೆ ಕಾಯಿ ಹುರಿಯುವುದನ್ನು ಮಾತ್ರ ಕಲಿಯಲಿಲ್ಲ. ಹಸಿಯಾಗಿಯೇ ಅರೆಯುತ್ತಿದ್ದರು. ಅತ್ತೆ ಎಷ್ಟು ಬೈದರೂ ಕಾರಣ ಹೇಳಿರಲಿಲ್ಲವಂತೆ. ಆಮೇಲೆ ಗಂಡನ ಕೆಲಸದಿಂದಾಗಿ ಸ್ಯಾನ್ ಡಿಯಾಗೊಗೆ ಬಂದು ನೆಲೆಸಿದ್ದರು.

ಡಿಯಾಗೊ ಗಾರ್ಸಿಯಾ ಮತ್ತು ಸುತ್ತಲಿನ ದ್ವೀಪಗಳ ಒಡೆತನವನ್ನು ಬ್ರಿಟಿಷರು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿಯಾದ ವರ್ಷ, ಲಂಡನ್ನಿನ ಸಂಸತ್ತಿನ ನೇರಪ್ರಸಾರವನ್ನು ಅವರು ಬೆಳಗಿನ ಕಾಫಿಯ ಜೊತೆ ನೋಡುತ್ತಿದ್ದರು. ಸಹಿಯೊಂದೇ ಸಾಲದು, ಒಪ್ಪಂದವನ್ನು ಸಂಸತ್ತಿನ ಮುಂದಿಡಬೇಕು, ಗಡುವಿನೊಳಗೆ ಸಂಸದರು ಅದನ್ನು ತಿರಸ್ಕರಿಸಬಾರದು, ಅದಕ್ಕೆ ತಕ್ಕ ಮಸೂದೆ ಎರಡೂ ಸದನ ದಾಟಬೇಕು. ಉಳಿದ ದ್ವೀಪಗಳಲ್ಲಿ ಜನ ಮತ್ತೆ ನೆಲೆಸಬಹುದು, ಸೇನಾನೆಲೆಯಿರುವ ಡಿಯಾಗೊ ಗಾರ್ಸಿಯಾದಲ್ಲಿ ಆಗದು ಎಂದು ಒಪ್ಪಂದದಲ್ಲಿತ್ತು. ಮೇಲ್ಮನೆಯಲ್ಲಿ ಅದನ್ನು ಬದಲಿಸುತ್ತಾರೆ ಎಂದು ಆಂಟಿ ನಂಬಿದ್ದರು.

"ಒಬ್ಬ ಎದ್ದು ಕೇಳಿದ್ರೆ ಸಾಕು ಮಾರಾಯ್ತಿ. ನನ್ನ ಅಜ್ಜಿಯ ಗೋರಿ ಅಲ್ಲೇ ಉಂಟು. ಪಕ್ಕದಲ್ಲಿ ನನಗೂ ಜಾಗ ಬೇಕು."

ಮಸೂದೆ ಕೆಳಮನೆಯಲ್ಲಿ ಪಾಸಾದಾಗ ಈ ಗೆಳೆಯ ನಮ್ಮನ್ನು ರೆಡೊಂಡೊ ಬೀಚಿನ ತನ್ನ ಮನೆಗೆ ಊಟಕ್ಕೆ ಕರೆದ. ಬೆಂಗಳೂರಿನವನು, ಸೇನೆಗೆ ಉಪಕರಣ ಮಾಡುವ ಕಂಪನಿಯಲ್ಲಿ ಇಂಜಿನಿಯರ್; ಆಂಟಿಗೆಂದೇ ಮಂಗಳೂರಿನ ಕೋಳಿ ಸಾರಿಗೆ ಎಣ್ಣೆಯಲ್ಲಿ ಕಾಯಿ ಹುರಿಯುತ್ತಿದ್ದ. ಕಾಯಿ ಸೀಯತೊಡಗಿತ್ತು.

"ಕಲರ್ ಸಾಕಾ ಆಂಟಿ? ಮಾರ್ಕ್ಸ್ ಹಾಕಿ," ಎಂದ. ನಗುತ್ತಲೇ ಮುಂದುವರಿಸಿದ: "ಬೇಸ್ ಬರೋಕ್ ಮುಂಚೆ ಅಲ್ಲಿ ಜನಾನೇ ಇರ್ಲಿಲ್ಲ ಅಂತಾರಲ್ಲ ನಮ್ಮ ಆಫೀಸಲ್ಲಿ? ಬರೀ ಹಕ್ಕಿ ಅಂತೆ."

ಆಂಟಿ ಬಾಣಲೆಯನ್ನೆತ್ತಿ ಗೋಡೆಗೆ ಬೀಸಿದರು. ಬಿಸಿ ಎಣ್ಣೆ ಅವನ ಮುಂಗೈಯ ಮೇಲೆ ಬಿತ್ತು. ಚರ್ಮ ಮೊದಲು ಬಿಳಿಚಿಕೊಂಡು, ಆಮೇಲೆ ಸುಲಿಯಿತು. ಅವನು ಕಿರುಚಿದ. ಆಂಟಿಯ ದನಿ ಏರಲಿಲ್ಲ.

"ನಮ್ಮಲ್ಲೊಂದು ನಾಯಿ ಇತ್ತು. ನಮ್ಮನ್ನು ಹಡಗು ಹತ್ತಿಸುವ ಮೊದಲು ಎಲ್ಲರ ನಾಯಿಗಳನ್ನೂ ಹಿಡಿದು ಕೊಬ್ಬರಿ ಒಣಗಿಸುವ ಶೆಡ್ಡಿಗೆ ಹಾಕಿದ್ರು. ಒಳಗೆ ಸೇನೆಯ ಗಾಡಿಯ ಹೊಗೆ ಬಿಟ್ರು. ಪರಚುವ ಶಬ್ದ... ಅದು ನಿಂತ ಮೇಲೆ ತೆಂಗಿನ ಸಿಪ್ಪೆ ಹಾಕಿ ಸುಟ್ರು. ಇನ್ನು ನಮ್ಮದೇ ಸರದಿ ಅಂತ ಅಮ್ಮ ಹೇಳಿದ್ಲು."

ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡಿದ್ದೆ. ಅವನು "ಸಾರಿ ಆಂಟಿ" ಎಂದದ್ದು ನೀರಿನ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ...

ಮಸೂದೆ ಮೇಲ್ಮನೆಯಲ್ಲಿ ಸಿಕ್ಕಿಕೊಂಡಿದ್ದಾಗಲೇ ಆಂಟಿ ತೀರಿಕೊಂಡರು. ಸ್ಯಾನ್ ಡಿಯಾಗೊದ ಗುಡ್ಡವೊಂದರ ಮೇಲೆ ಹೂಳಿದೆವು. ಅಲ್ಲಿಂದ ಯುದ್ಧನೌಕೆಗಳು ಕಾಣುತ್ತವೆ.

ಹೋಟೆಲಿನ ಹುಡುಗಿ ಆರ್ಡರ್ ಕೇಳಿದಳು. ಗೆಳೆಯ ಸುಟ್ಟ ಕಲೆ ಮುಚ್ಚುವಂತೆ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು, "ಕಾಯಿ ಹುರೀದೇ ಮಾಡೋದು ಏನಿದೆ?" ಎಂದ.