ಪ್ರಶ್ನೆ ಗುರುತಿಲ್ಲದ ಹಾಳೆ

ಎಂಬತ್ತರ ದಶಕದ ಕೊನೆಯಲ್ಲಿ ಹೆಬ್ಬಾಳದ ಹತ್ತಿರದ ಒಂದು ಆಫೀಸಿನಲ್ಲಿ ಸಮುದ್ರದ ತಳದ ನಕ್ಷೆ ಬರೆಯುವ ಕೆಲಸ ನನ್ನದಾಗಿತ್ತು. ಗದಗದ ಕಡೆಯವನು ನಾನು. ಸಮುದ್ರ ನೋಡಿಯೇ ಇರಲಿಲ್ಲ. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಉಪಗ್ರಹದ ಚಿತ್ರ ಹರಡಿ, ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು, ಭೂತಗನ್ನಡಿ ಹಿಡಿದು ಗೆರೆ ಎಳೆಯಬೇಕು. ತಮಿಳುನಾಡಿನ ದಡದ ಪಕ್ಕದ ಆಳವಿಲ್ಲದ ನೀರು. ತಿಳಿಯಾಗಿ ಕಂಡರೆ ಮರಳು, ಕಪ್ಪಗೆ ಕಂಡರೆ ನೀರಡಿಯ ಹುಲ್ಲು. ಗೊತ್ತಾಗದಿದ್ದರೆ ಕೆಂಪು ಪೆನ್ಸಿಲ್ಲಿನಲ್ಲಿ ಪ್ರಶ್ನೆ ಗುರುತು ಹಾಕಬೇಕು. ಹಾಳೆ ಮುಗಿದ ಮೇಲೆ ದೋಣಿಯಲ್ಲಿ ಹೋಗಿ ಪರೀಕ್ಷಿಸುತ್ತಾರೆ ಎಂದು ಕೇಳಿದ್ದೆ. ಆ ದೋಣಿಗಾಗಿಯೇ ಕಾಯುತ್ತಿದ್ದೆ. ‘ಸಮುದ್ರ ನೋಡಿ ಬರತೀನಿ’ ಎಂದು ಅವ್ವನಿಗೆ ಕಾಗದ ಕೂಡ ಬರೆದಾಗಿತ್ತು.

ಆರ್.ಟಿ. ನಗರದ ಬಾಡಿಗೆ ಕೋಣೆಯಲ್ಲಿ ಭಾನುವಾರಗಳು ಮಾತಿಲ್ಲದೆ ಮುಗಿಯುತ್ತಿದ್ದವು. ಅಂಗಡಿಯವನಿಗೆ ‘ಅರ್ಧ ಲೀಟರ್ ಹಾಲು’ ಎಂದದ್ದನ್ನೂ ಮಾತೆನ್ನುವುದಾದರೆ ಬೇರೆ ವಿಷಯ. ಸೋಮವಾರ ಆಫೀಸಿಗೆ ಹೋದರೆ ಪಕ್ಕದ ಮೇಜಿನ ಯಲಹಂಕದವನ ತಮಾಷೆ.

“ಏನ್ ಗುರು, ಸಮುದ್ರನೇ ನೋಡಿಲ್ಲ, ಅದರ ತಳ ಬರೀತಿದೀಯಲ್ಲ!”

ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಈಗ ಗೊತ್ತು. ಆಗ ಚುಚ್ಚಿತು. ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಅವನ ಜೊತೆ ಮಾತು ಬಿಟ್ಟೆ.

ನನ್ನ ಹಾಳೆಯ ಪೂರ್ವದ ಅಂಚಿಗೆ ಅವನ ಹಾಳೆ ಬರುತ್ತಿತ್ತು. ಒಪ್ಪಿಸುವ ಮುನ್ನ ಎರಡನ್ನೂ ಜೋಡಿಸಿ ನೋಡುವುದು ನಮ್ಮಲ್ಲಿ ವಾಡಿಕೆ. “ಬಾ, ಅಂಚು ನೋಡೋಣ” ಎಂದು ಎರಡು ಸಲ ಕರೆದ. “ನಂದು ಸರಿ ಐತಿ” ಎಂದೆ. ಒಂದೂ ಪ್ರಶ್ನೆ ಗುರುತಿಲ್ಲದ ಹಾಳೆಯನ್ನು ಸಾಹೇಬರ ಮುಂದಿಟ್ಟೆ. ಅವನದರಲ್ಲಿ ಹತ್ತಾರು ಇದ್ದವು.

ದೋಣಿಗೆ ಹೋಗುವವರ ಪಟ್ಟಿ ಬಂತು. ಅವನಿದ್ದ, ನಾನಿರಲಿಲ್ಲ. ನಾಚಿಕೆ ಬಿಟ್ಟು ಸಾಹೇಬರನ್ನು ಕೇಳಿದೆ.

“ಅನುಮಾನ ಇರೋ ಕಡೆಗೆ ಮಾತ್ರ ಹೋಗೋದು ಕಣ್ರೀ. ನಿಮಗೆ ಒಂದೂ ಅನುಮಾನ ಇಲ್ವಲ್ಲ!” ಎಂದರು. ಹೊಗಳಿಕೆಯೇ ಅದು.

ಅವರೆಲ್ಲ ಹೊರಟ ಮೇಲೆ ಮೇಜುಗಳ ನಡುವೆ ನಾನೊಬ್ಬನೇ. ಮೂರನೇ ದಿನ ಅವನ ಉಪಗ್ರಹದ ಚಿತ್ರ ತಂದು ನನ್ನದರ ಪಕ್ಕ ಇಟ್ಟೆ. ಅವನದರ ಅಂಚಿನಲ್ಲೇ ಒಂದು ಬಿಳಿ ಮೋಡ. ಬೆಳಗಿನ ಬಿಸಿಲಿಗೆ ಅದರ ನೆರಳು ಪಶ್ಚಿಮಕ್ಕೆ, ನನ್ನ ಚಿತ್ರದೊಳಗೆ ಬಿದ್ದಿತ್ತು. ಆ ನೆರಳಿನ ಸುತ್ತಲೇ ನಾನು ಗಟ್ಟಿಯಾಗಿ ಗೆರೆ ಎಳೆದು ಹುಲ್ಲು ಎಂದು ಬರೆದಿದ್ದೆ.

ನಾಚಿಕೆಯಾಯಿತು. ಅದರ ಹಿಂದೆಯೇ, ಸುಳ್ಳೇಕೆ ಹೇಳಲಿ, ಖುಷಿಯಾಯಿತು. ನನಗೂ ಒಂದು ಅನುಮಾನ ಸಿಕ್ಕಿತಲ್ಲ! ಎರಡೂ ಚಿತ್ರ ಹೊತ್ತು ಸಾಹೇಬರ ಕೋಣೆಗೆ ಓಡಿದೆ.

“ಸರ್, ಇಲ್ಲಿ ತಳದಾಗ ಏನೈತಿ ಅಂತ ಹೋಗಿ ನೋಡಬೇಕ್ರಿ. ಇವತ್ತೇ ಬಸ್ ಹತ್ತತೀನ್ರಿ.”

ಅವರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. “ಮೋಡದ ನೆರಳು. ಇದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಬೇರೆ ದಿನದ ಚಿತ್ರ ಬೀರುವಿನಲ್ಲಿದೆ, ನೋಡಿ ತಿದ್ದಿಬಿಡಿ.”

ಬೀರು ತೆಗೆದು ನೋಡಿದೆ. ಆ ದಿನ ಮೋಡವಿರಲಿಲ್ಲ. ನೆರಳಿದ್ದಲ್ಲಿ ಬರೀ ಮರಳು, ಮಗುವೂ ಗುರುತಿಸುವಷ್ಟು ತಿಳಿ. ನನಗಿದ್ದ ಒಂದೇ ಒಂದು ಅನುಮಾನವೂ ಕೂತಲ್ಲೇ ಮುಗಿದುಹೋಯಿತು. ಬ್ಲೇಡಿನಿಂದ ಗೆರೆ ಕೆರೆಯುತ್ತಾ ಅತ್ತುಬಿಟ್ಟೆ. ಏನಾಯ್ತು ಎಂದು ಕೇಳುವುದಕ್ಕೆ ಪಕ್ಕದ ಮೇಜಿನಲ್ಲಿ ಅವನೂ ಇರಲಿಲ್ಲ.