ಘಾಟಿಗೆ ಸೋಲದ ನಾಲಿಗೆ

ಬ್ಯಾಡಗಿ ಪೇಟೆಯಲ್ಲಿ ಇನ್ನೂ ಒಂದು ಚೀಲದ ಬಾಯಿಯೂ ಬಿಚ್ಚಿಲ್ಲ. ಮೂಡಲು ಈಗಷ್ಟೇ ಬೆಳ್ಳಗಾಗುತ್ತಿದೆ. ಮೆಣಸಿನಕಾಯಿ ವ್ಯಾಪಾರಿ ಅಣ್ಣಾಜಿ ಸಾಹುಕಾರರ ಅಂಗಡಿಯ ಕಟ್ಟೆಯ ಮೇಲೆ ಚಹಾ ಮಾರುವ ಗುತ್ತೆವ್ವ ಬಿಳಿ ಪಿಂಗಾಣಿ ಬಟ್ಟಲು ಹಿಡಿದು ಕೂತಿದ್ದಾಳೆ. ಅದರಲ್ಲಿ ಹಾಲಿಲ್ಲದ, ಬೆಲ್ಲವಿಲ್ಲದ ಚೀನಾ ಚಹಾ. ಒಂದು ಗುಟುಕನ್ನು ಸೊರ್ರೆಂದು ಎಳೆಯುತ್ತಾಳೆ, ಬಾಯೊಳಗೆ ಹೊರಳಿಸುತ್ತಾಳೆ, ಕಟ್ಟೆಯ ಕೆಳಗೆ ಉಗುಳುತ್ತಾಳೆ. ಹಾದು ಹೋಗುವ ಗೃಹಸ್ಥರೊಬ್ಬರು ಮುಖ ಕಿವುಚುತ್ತಾರೆ. ಹೆಂಗಸು ಬೆಳಬೆಳಗ್ಗೆ ಬೀದಿಯಲ್ಲಿ ಉಗುಳುವುದೆ? ಆಕೆ ಅವರತ್ತ ತಿರುಗಿಯೂ ನೋಡುವುದಿಲ್ಲ.

“ಕೆಟ್ಟೈತ್ರಿ,” ಎಂದು, ಪತ್ರಿಕೆಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾಳೆ.

ಎರಡು ವಾರದಲ್ಲಿ, ಮುಂಬಯಿಯಿಂದ ಬಂದ ಈ ಹೊಸ ಚಹಾ ಪೆಟ್ಟಿಗೆಯ ಎಲೆಯನ್ನು ಆಕೆ ರುಚಿ ನೋಡುತ್ತಿರುವುದು ಇದು ಆರನೆಯ ಸಲ. ಏಳನೆಯದು ಇಲ್ಲ; ಹಳೆಯ ಪೆಟ್ಟಿಗೆಯ ಎಲೆ ನಿನ್ನೆಗೆ ಮುಗಿದಿದೆ. ಇವತ್ತಿನ ಪೇಟೆಗೆ ಇದೇ ಚಹಾ ಮಾಡಿ ಮಾರು, ಇಲ್ಲವಾದರೆ ಕಟ್ಟೆ ಖಾಲಿ ಮಾಡು ಎಂದು ಸಾಹುಕಾರರು ಗಡುವು ಕೊಟ್ಟಿದ್ದಾರೆ.

ಇಷ್ಟು ನಸುಕಿನಲ್ಲೇ ಏಕೆ ರುಚಿ ನೋಡಬೇಕು ಎಂದು ಬ್ಯಾಡಗಿ ಕಂಡವರು ಕೇಳುವುದಿಲ್ಲ. ಚೀಲ ಬಿಚ್ಚಿದರೆ ಊರಿಗೆ ಊರೇ ಸೀನುತ್ತದೆ. ಆಮೇಲೆ ಇಲ್ಲಿ ಚಹಾ ಒಂದೇ, ಕಷಾಯ ಒಂದೇ. ಅದಕ್ಕೇ ಘಾಟು ಏಳುವುದರೊಳಗೆ ಆಕೆಯ ಪರೀಕ್ಷೆ ಮುಗಿದಿರುತ್ತದೆ. ಹನ್ನೊಂದು ವರ್ಷದಿಂದ ಆಕೆ ಮೆಣಸಿನಕಾಯಿ ಮುಟ್ಟಿಲ್ಲ. ಬ್ಯಾಡಗಿಯಲ್ಲಿದ್ದುಕೊಂಡು ಮೆಣಸಿನಕಾಯಿ ತಿನ್ನದವಳು ಎಂದರೆ ಜನ ನಗದೆ ಬಿಡುತ್ತಾರೆಯೆ? “ನಗಲಿ. ನಗಾಕ ನಾಲಿಗಿ ಬೇಕಾಗಿಲ್ಲ, ಬರೇ ಹಲ್ಲಿದ್ರ ಸಾಕು,” ಎನ್ನುತ್ತಾಳೆ.

ಹುಟ್ಟಿದ್ದು ಗುತ್ತಲದಲ್ಲಿ. ಮದುವೆಯಾಗಿ ಗಂಡನ ಹಿಂದೆ ಮುಂಬಯಿಗೆ ಹೋದಳು. ಅಲ್ಲಿ ಗಿರಣಿಯ ಕೆಲಸ ಆತನ ಎದೆ ತಿಂದಿತು. ಒಬ್ಬಳೇ ಉಳಿದ ಮೇಲೆ ಬಂದರಿನ ಹತ್ತಿರದ ಚಹಾ ಗೋದಾಮಿನಲ್ಲಿ ಎಲೆ ಹಸನು ಮಾಡುತ್ತ ಒಂಬತ್ತು ವರ್ಷ ಕಳೆದಳು. ಗೋದಾಮಿನ ಮುಕಾದಮ ಫಕ್ಕೀರಸಾಬ ರಾಣೆಬೆನ್ನೂರಿನವನು. ತನ್ನ ನೆಲದ ಮಾತು ಕೇಳಿಸಿತೆಂಬ ಒಂದೇ ಕಾರಣಕ್ಕೆ ಈಕೆಯನ್ನು ಕೂರಿಸಿಕೊಂಡು ರುಚಿ ನೋಡುವುದನ್ನು ಕಲಿಸಿದ. “ನಾಚಿಕೊಂಡು ಕುಡಿದ್ರ ಏನೂ ತಿಳಿಯೂದಿಲ್ಲವ್ವಾ, ಸಪ್ಪಳಾ ಮಾಡಿ ಎಳಿ ಅಂತಿದ್ದ. ಮೊದಲ ಒಗರು, ಹಿಂದಿಂದ ಸಿಹಿ. ಸಕ್ರಿ ಹಾಕದ ಬರೂ ಸಿಹಿ. ಅದು ಬರ್ಲಿಲ್ಲಂದ್ರ ಚೆಲ್ಲು ಅಂತ ಹೇಳಿಕೊಟ್ಟ.”

ಆಕೆ ಚಹಾ ಮಾಡುವ ಬಗೆ ನೋಡಿದರೆ ನನ್ನಂಥ ಹಾಲು-ಬೆಲ್ಲದವನಿಗೆ ಕಸಿವಿಸಿಯಾಗುತ್ತದೆ. ನೀರು ಕುದಿ ಬಂದೊಡನೆ ಇಳಿಸುತ್ತಾಳೆ. ಬಿಸಿ ಮಾಡಿಟ್ಟ ಪಿಂಗಾಣಿ ಪಾತ್ರೆಗೆ ಮೂರು ಬೆರಳಿನ ಚಿಟಿಕೆಯಿಂದ ಕಪ್ಪನೆಯ ಸುರುಳಿ ಎಲೆ ಹಾಕಿ, ನೀರು ಸುರಿದು ಮುಚ್ಚುತ್ತಾಳೆ. ಗಡಿಯಾರವಿಲ್ಲ. ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಯ ಮರಿಯವ್ವ ಕೂತಿರುತ್ತಾಳೆ. ಅವಳು ಅರವತ್ತು ತೊಟ್ಟು ಮುರಿದು “ಆತು” ಎಂದರೆ ಚಹಾ ಸೋಸಬೇಕು. ಎಪ್ಪತ್ತಾದರೆ ಕಹಿ. ಹಾಲು ಕೇಳಿದವರಿಗೆ, ಮನೆಯಲ್ಲಿ ಎಮ್ಮೆ ಕಟ್ಟಿಕೊಳ್ಳಿ ಎಂಬ ಉತ್ತರ ಸಿಗುತ್ತದೆ. ಹೀಗಿದ್ದೂ ದಿನಕ್ಕೆ ನೂರ ನಲವತ್ತು ಬಟ್ಟಲು, ಪೇಟೆಯ ದಿನ ಮುನ್ನೂರು. ಆರು ಕೊಡ ನೀರನ್ನು ತಾನೇ ಹೊರುತ್ತಾಳೆ.

ಪೆಟ್ಟಿಗೆ ತರಿಸಿಕೊಡುವವರು ಸಾಹುಕಾರರು. ಈ ಸಲದ್ದು ರೈಲಿನಲ್ಲಿ ಬಂದಾಗ ಗುತ್ತೆವ್ವ ಊರಲ್ಲಿರಲಿಲ್ಲ, ಗುತ್ತಲದಲ್ಲಿ ತಂಗಿಯ ಮನೆಯಲ್ಲಿದ್ದಳು. ಹಮಾಲರು ಬ್ಯಾಡಗಿಯವರು ಮಾಡುವುದನ್ನೇ ಮಾಡಿದರು: ಬಂದ ಮಾಲನ್ನು ಮೆಣಸಿನಕಾಯಿ ಗೋದಾಮಿಗೆ ಹಾಕಿದರು. ಪೆಟ್ಟಿಗೆಯೊಳಗಿನ ತಗಡು ಒಂದು ಕಡೆ ಹರಿದಿತ್ತು. ಮೂರು ದಿನದಲ್ಲಿ ಎಲೆ ಘಾಟನ್ನೆಲ್ಲ ಹೀರಿಕೊಂಡಿತು. ಬೇರೆ ಪೆಟ್ಟಿಗೆ ತರಿಸೋಣವೆಂದರೆ ಚೀನಾದ ಮೇಲೆ ಜಪಾನಿನವರು ಯುದ್ಧ ಹೂಡಿ ವರ್ಷವಾಗಿದೆ. ಮುಂದಿನದು ಯಾವಾಗ ಬಂದೀತೆಂದು ಮುಂಬಯಿಯವರಿಗೂ ಗೊತ್ತಿಲ್ಲ.

ಬಿಸಿಲೇರುತ್ತದೆ, ಚೀಲಗಳು ಬಿಚ್ಚುತ್ತವೆ, ಸೀನುಗಳು ಶುರುವಾಗುತ್ತವೆ. ಸಾಹುಕಾರರು ಬರುತ್ತಾರೆ. ಕೆಟ್ಟ ಮನುಷ್ಯರೇನಲ್ಲ, ಹಣ ಹಾಕಿ ತರಿಸಿದ ಮಾಲು ಹಾಳಾಗುವುದು ಅವರಿಗೆ ಸಂಕಟ.

“ಚಹಾ ಆತೇನು, ಗುತ್ತೆವ್ವ?”

“ನೀರು ಕಾದಾವ್ರಿ, ಸಾವಕಾರ್ರ. ಚಹಾ ಇಲ್ಲ.”

“ಬ್ಯಾಡಗ್ಯಾಗ ಘಾಟು ಯಾರಿಗೆ ತಿಳೀತೈತಿ? ಎಲ್ಲಾರ ಮೂಗಿನ್ಯಾಗೂ ಅದ ತುಂಬೈತಿ. ಸುಮ್ನ ಹಾಕಿ ಕೊಡು.”

“ಅವರಿಗೆ ತಿಳಿಯೂದಿಲ್ಲಂತನ ನಾ ಇಲ್ಲಿ ಕುಂತೇನ್ರಿ.”

ನಾನು ಬರೆಯುವುದನ್ನು ನಿಲ್ಲಿಸುತ್ತೇನೆ. ದಿನಾ ಏನೇನನ್ನೋ ಬರೆದು ಜನರ ಕೈಗಿಡುವ ನನಗೆ ಆ ಮಾತು ನೇರವಾಗಿ ತಾಗಿದೆ.

“ಹಂಗಾರ ನಾಳಿಂದ ಕಟ್ಟಿ ಮ್ಯಾಲ ಪುಡಿ ಚಹಾದಾವ ಕುಂದ್ರತಾನ,” ಎನ್ನುತ್ತಾರೆ ಸಾಹುಕಾರರು. “ಇವತ್ತ ಜನಕ್ಕ ಏನ ಕೊಡ್ತಿ?”

“ಬಿಸಿನೀರು. ಫುಕಟ.”

ನಾಳೆಯವರೆಗೆ ಕಾಯುವ ಜಾಯಮಾನ ಆಕೆಯದಲ್ಲ. ಒಲೆಯ ಕೆಂಡವನ್ನು ಬೂದಿ ಹಾಸಿದ ಬುಟ್ಟಿಗೆ ತುಂಬಿಕೊಂಡು, ಕೆಟಲಿ, ಪಿಂಗಾಣಿ ಪಾತ್ರೆ, ಬಟ್ಟಲು ಎತ್ತಿಕೊಂಡು ರಸ್ತೆ ದಾಟಿ ಬೇವಿನ ಗಿಡದ ಬುಡಕ್ಕೆ ನಡೆಯುತ್ತಾಳೆ. ಮೂರು ಕಲ್ಲಿಟ್ಟು ಒಲೆ ಹೂಡುತ್ತಾಳೆ. ಮರಿಯವ್ವ ತನ್ನ ಮೆಣಸಿನಕಾಯಿ ಬುಟ್ಟಿ ಹೊತ್ತು ಹಿಂದೆಯೇ ಹೋಗಿ ಎದುರು ಕೂರುತ್ತಾಳೆ. ತೊಟ್ಟು ಮುರಿಯುವ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ದಾಟುತ್ತಾರೆ. ಗುತ್ತೆವ್ವ ಬರಿಯ ನೀರನ್ನು ಪಾತ್ರೆಗೆ ಸುರಿದು ಮುಚ್ಚುತ್ತಾಳೆ. ಮರಿಯವ್ವ, ಯಾರೂ ಹೇಳದಿದ್ದರೂ, ಅರವತ್ತು ತೊಟ್ಟು ಎಣಿಸಿ “ಆತು” ಎನ್ನುತ್ತಾಳೆ. ಎಲ್ಲರೂ ಬಿಸಿನೀರು ಕುಡಿಯುತ್ತಾರೆ. ನಾನೂ ಕುಡಿಯುತ್ತೇನೆ.

ಹೊರಡುವಾಗ ಕೇಳುತ್ತೇನೆ: ಇನ್ನು ನಿನಗೆ ಬೇಕಾದದ್ದೇನು?

ಗುತ್ತೆವ್ವ ಬಟ್ಟಲು ಒರೆಸುತ್ತ ಪೇಟೆಯ ಕಡೆಗೆ, ಆಳೆತ್ತರದ ಕೆಂಪು ರಾಶಿಗಳ ಕಡೆಗೆ ನೋಡುತ್ತಾಳೆ. “ಯುದ್ಧ ಒಂದಿನ ಮುಗೀತೈತಿ, ಪೆಟಗಿ ಬರ್ತೈತಿ. ಅದನ್ನ ಇಡಾಕ ಈ ಬ್ಯಾಡಗ್ಯಾಗ ಮೆಣಸಿನಕಾಯಿ ಇಲ್ಲದ್ದೊಂದು ಖೋಲಿ ಬೇಕ್ರಿ. ಎಲ್ಲೆರ ಐತೇನು, ನಿಮ್ಮ ಪೇಪರಿನ್ಯಾಗ ಹಾಕಿ ಕೇಳ್ರಿ.”