ಹೆಂಚೋ, ಮಣ್ಣೋ?

ಬೆಳಿಗ್ಗೆ ಎದ್ದವಳೇ ನಾನು ಮೊದಲು ಮಾಡಿದ ಕೆಲಸ ನಡುಮನೆಯಲ್ಲಿಟ್ಟಿದ್ದ ಪಾತೇಲಿಯ ನೀರನ್ನು ಎತ್ತಿ ಹಿತ್ತಲಿಗೆ ಚೆಲ್ಲಿದ್ದು. ನಿನ್ನೆಯ ಅಡ್ಡಮಳೆ ದೊಡ್ಡದೇನಲ್ಲ. ಆದರೂ ನಮ್ಮ ಮಾಳಿಗೆ ತಪ್ಪದೆ ಅರ್ಧ ಪಾತೇಲಿ ಬೂದು ಬಣ್ಣದ ನೀರನ್ನು ಒಳಗೆ ಇಳಿಸಿತ್ತು. ಆಮೇಲೆ ಎಂದಿನಂತೆ ಬಚ್ಚಲ ಒಲೆಗೆ ಉರಿ ಹಾಕಿದೆ, ಚಹಾಕ್ಕೆ ಇಟ್ಟೆ, ಇವರ ಧೋತರ ಮಡಿಸಿದೆ. ಇವರು ಕನ್ನಡಿಯ ಮುಂದೆ ನಿಂತು ರುಮಾಲು ಸುತ್ತುತ್ತ, ಕಚೇರಿಯ ಕಾಗದದ ವಿಷಯ ಹೇಳುವ ದನಿಯಲ್ಲೇ ಅಂದರು:

“ಸಂಜಿಕ್ಕ ಮಾಳಿಗಿ ಕೆಲಸದ ಗೌಂಡಿ ಇಮಾಮಸಾಬ ಬರ್ತಾನ. ಹಂಚೋ ಮಣ್ಣೋ, ನೀನ ಹೇಳಿಬಿಡು. ಹದಿನಾರು ವರ್ಷ ಹಂಚು ಹಂಚು ಅಂತ ಜಪಾ ಮಾಡೀದಿ. ಈಗ ದೇವರು ಒಲದಾನ.”

ಹೀಗೆ ಹೇಳಿ ಕೊಡೆ ತೆಗೆದುಕೊಂಡು ಹೋಗಿಯೇ ಬಿಟ್ಟರು. ವರ ಕೊಟ್ಟ ದೇವರು ಹೀಗೆ ಕಚೇರಿಗೆ ಹೋಗಿಬಿಟ್ಟರೆ ಭಕ್ತೆಯ ಗತಿ ಏನು? ಆ ಗಳಿಗೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಧಾರವಾಡದ ಹಳೆಯ ಓಣಿಗಳನ್ನು ನೋಡದವರಿಗೆ ನಮ್ಮ ಮನೆಯನ್ನು ಹೇಳಬೇಕು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮೊಳದಷ್ಟು ಮಣ್ಣು. ಇದೇ ಮಾಳಿಗೆ. ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರದ, ಮಳೆ ಕೂಡುವ ಮೊದಲು ಅದರ ಮೇಲೆ ನೀರು ಇಳಿಯಗೊಡದ ಹೊಸ ಕರ್ಲುಮಣ್ಣು ಹರವಿ, ನೀರು ಚಿಮುಕಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ಬಯಲಸೀಮೆಯ ಬಿಸಿಲಿಗೆ ಇದಕ್ಕಿಂತ ತಂಪಾದ ಸೂರು ಇಲ್ಲ. ಆದರೆ ನಮ್ಮ ಊರು ಅತ್ತ ಮಲೆನಾಡಲ್ಲ, ಇತ್ತ ಬಯಲೂ ಅಲ್ಲ. ಮನೆ ಕಟ್ಟಿದವರು ಮೂಡಲ ದಿಕ್ಕು ನೋಡಿ ಕಟ್ಟಿದರು, ಮಳೆ ಮಾತ್ರ ಪಡುವಲ ದಿಕ್ಕಿನಿಂದ ಬರುತ್ತದೆ. ಆಷಾಢದಲ್ಲಿ ಎಂಟು ದಿನ ಬಿಡದೆ ಜಿಟಿಜಿಟಿ ಹಿಡಿದಾಗ ಪಾತೇಲಿ, ಪರಾತ, ಬಕೀಟು ಎಲ್ಲವೂ ಅಡಿಗೆಮನೆ ಬಿಟ್ಟು ನಡುಮನೆಗೆ ಬಂದು ಕೂರುತ್ತವೆ.

ನನ್ನ ತವರು ಖಾನಾಪುರದ ಆಚೆ, ಘಟ್ಟದ ಅಂಚಿನಲ್ಲಿ. ಅಪ್ಪ ಜಂಗಲ್ ಖಾತೆಯಲ್ಲಿದ್ದರು. ಅಲ್ಲಿಯ ಹೆಂಚಿನ ಮಾಡು ಎಷ್ಟು ಇಳಿಜಾರೆಂದರೆ ಎಂಥ ಸಾಹೇಬ ಬಂದರೂ ಸೂರಿನ ಕೆಳಗೆ ತಲೆ ಬಾಗಿಸಿಯೇ ಒಳಗೆ ಬರಬೇಕು. ಮಳೆಗಾಲ ಬರುವ ಮೊದಲು ಪಡುವಣ ಗೋಡೆಗೆ ಕರಡದ ಹುಲ್ಲಿನ ದಪ್ಪ ತಟ್ಟಿ ಕಟ್ಟುತ್ತಿದ್ದರು. ಅದಕ್ಕೆ ಜಡಿ ಎನ್ನುತ್ತಿದ್ದರು. ಜಡಿ ಕಟ್ಟಿದ ದಿನದಿಂದ ಮನೆಯೊಳಗೆ ನಾಲ್ಕು ತಿಂಗಳ ಕತ್ತಲೆ. ಬುಟ್ಟಿ ಬೋರಲು ಹಾಕಿ, ಕೆಳಗೆ ಕೆಂಡವಿಟ್ಟು, ಮೇಲೆ ಬಟ್ಟೆ ಒಣಗಿಸುವುದು. ಬೆಳಗಾವಿಯ ಕಾನ್ವೆಂಟಿಗೆ ನಾನು ಹೋದ ವರ್ಷ ನನ್ನ ಫ್ರಾಕಿನಿಂದ ಹೊಗೆಯ ವಾಸನೆ ಬರುತ್ತದೆಂದು ಪಕ್ಕದ ಮಂಚದ ಹುಡುಗಿ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಒಂದು ಸಂಗತಿ ಮಾತ್ರ ನಿಜ: ಆ ಮನೆ ಒಂದು ಹನಿಯೂ ಸೋರುತ್ತಿರಲಿಲ್ಲ. ಎಲ್ಲಾದರೂ ಹೆಂಚು ಸರಿದು ಹನಿ ಬಿದ್ದರೆ ಅವ್ವ ಒಳಗೇ ನಿಂತು ಬಿದಿರ ಗಳದಿಂದ ಆ ಹೆಂಚನ್ನು ಮೆಲ್ಲಗೆ ತಿವಿದು ಜಾಗಕ್ಕೆ ಕೂಡಿಸುತ್ತಿದ್ದಳು. ಎರಡು ನಿಮಿಷದ ಕೆಲಸ.

ಕಾನ್ವೆಂಟಿನಲ್ಲಿ ಚಿತ್ರ ಕಲಿಸುತ್ತಿದ್ದ ಸಿಸ್ಟರ್ ಒಮ್ಮೆ ಎಲ್ಲರಿಗೂ ತಮ್ಮ ತಮ್ಮ ಮನೆ ಬರೆಯಲು ಹೇಳಿದರು. ನಾನು ಚೌಕ ಬರೆದು ಮೇಲೆ ತ್ರಿಕೋನ ಇಟ್ಟೆ; ಶಾಭಾಸ್ ಸಿಕ್ಕಿತು. ಧಾರವಾಡದ ಕಡೆಯ ಹುಡುಗಿಯೊಬ್ಬಳು ಬರೀ ಚೌಕ ಬರೆದು, ಅದರ ಮೇಲೆ ಮೆಣಸಿನಕಾಯಿ ಹರವಿಕೊಂಡು ಕೂತ ಹೆಂಗಸೊಬ್ಬಳನ್ನು ಬರೆದಿದ್ದಳು. “ಮಾಡು ಎಲ್ಲಿ?” ಎಂದರು ಸಿಸ್ಟರ್. “ಆಕಿ ಕೂತಾಳಲ್ರಿ, ಅದ ಮಾಡು” ಎಂದಳು ಹುಡುಗಿ. ಸಿಸ್ಟರ್ ಕೆಂಪು ಪೆನ್ಸಿಲು ತೆಗೆದುಕೊಂಡು ಆ ಹೆಂಗಸಿನ ಮೇಲೆಯೇ ಒಂದು ದೊಡ್ಡ ತ್ರಿಕೋನ ಎಳೆದುಬಿಟ್ಟರು. ಇಡೀ ವರ್ಗ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಕ್ಕದ್ದಕ್ಕೆ ಶಿಕ್ಷೆ ಏಳು ವರ್ಷದ ನಂತರ ಬಂತು. ಅದೇ ಚೌಕದೊಳಗೆ ನನ್ನನ್ನು ಮದುವೆ ಮಾಡಿ ಕಳಿಸಿದರು.

ಮೊದಲ ಮಳೆಗಾಲ. ಮನೆಯಲ್ಲಿ ನಾನೊಬ್ಬಳೇ ಇದ್ದೆ. ನಡುಮನೆಯಲ್ಲಿ ಟಪ್ ಎಂದು ಒಂದು ಹನಿ, ಸ್ವಲ್ಪ ಹೊತ್ತಿಗೆ ಮತ್ತೊಂದು. ಅತ್ತೆಯವರು ಬರುವುದರೊಳಗೆ ಸರಿಪಡಿಸಿ ಜಾಣೆ ಎನಿಸಿಕೊಳ್ಳಬೇಕೆಂದು ಬಟ್ಟೆ ಒಣಹಾಕುವ ಗಳ ತಂದೆ. ತವರಿನಲ್ಲಿ ನೋಡಿದ್ದನ್ನೇ ಮಾಡಿದೆ: ಹನಿ ಬೀಳುವ ಜಾಗ ನೋಡಿ ಮೆಲ್ಲಗೆ ತಿವಿದೆ. ಏನೂ ಆಗಲಿಲ್ಲ. ಇನ್ನಷ್ಟು ಜೋರಾಗಿ ತಿವಿದೆ. ಚಕ್ಕೆ ಸರಿಯಿತು; ಒಂದು ಬುಟ್ಟಿ ಕೆಸರು ನನ್ನ ತಲೆ, ಮೂಗು, ಹೊಸ ಇಳಕಲ್ ಸೀರೆಯ ಮೇಲೆ ಬಿತ್ತು. ಕಣ್ಣು ಒರೆಸಿಕೊಂಡು ಮೇಲೆ ನೋಡಿದರೆ ಆಕಾಶ!

ಆಕಾಶದ ತೂತಿನಲ್ಲಿ ಸ್ವಲ್ಪ ಹೊತ್ತಿಗೆ ಒಂದು ಮುಖ ಬಂತು. ಕಂಬಳಿ ಕೊಪ್ಪೆ ಹೊದ್ದು, ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ಪಕ್ಕದ ಮನೆಯ ನೀಲವ್ವ. ಅರಳೆ ವ್ಯಾಪಾರಿಯ ಹೆಂಡತಿ. ತಮ್ಮ ಮಾಳಿಗೆ ತುಳಿಯಲು ಹತ್ತಿದವರು ಸದ್ದು ಕೇಳಿ ನಮ್ಮದಕ್ಕೆ ದಾಟಿ ಬಂದಿದ್ದರು.

“ಹೊಸಾ ಸೊಸಿ ಏನ್ರಿ?” ಎಂದರು ಮೇಲಿನಿಂದ. “ನಿಮ್ಮ ಕಡೆ ಮಾರಿ ತೋರಸೂ ಶಾಸ್ತ್ರ ಹಿಂಗ ಮಾಡ್ತಾರೇನ್ರಿ?”

ಅಳುತ್ತಿದ್ದವಳಿಗೆ ನಗು ಬಂತು. ಅವರೇ ಹಲಗೆ ಮುಚ್ಚಿ, ಬೂದಿ ಸುರಿದು, ಮಣ್ಣು ಹಾಕಿ ತುಳಿದರು. ಅತ್ತೆಯವರು ಬಂದು ಎಲ್ಲ ಕೇಳಿದ ಮೇಲೆ ಬೈಯಲಿಲ್ಲ. “ಮನಿ ಸೋರಿದ್ರ ಮ್ಯಾಲೆ ಹೋಗಿ ತುಳೀಬೇಕವಾ, ಕೆಳಗ ನಿಂತು ತಿವಿಯೂದಲ್ಲ” ಎಂದರು, ಅಷ್ಟೇ. ಆದರೆ ಆ ಜಾಗ ಅಂದಿನಿಂದ ವಾಸಿಯಾಗಲೇ ಇಲ್ಲ. ಈ ಹೊತ್ತು ಬೆಳಿಗ್ಗೆ ಚೆಲ್ಲಿದೆನಲ್ಲ, ಆ ನೀರೂ ಅಲ್ಲಿಯದೇ. ಮನೆಯ ಬೇರೆ ಸೋರಿಕೆಗಳೆಲ್ಲ ಪಿತ್ರಾರ್ಜಿತ; ಇದೊಂದು ನನ್ನ ಸ್ವಯಾರ್ಜಿತ.

ಅತ್ತೆಯವರು ಇರುವತನಕ ಹೆಂಚಿನ ಮಾತು ನಡೆಯಲಿಲ್ಲ. ಅವರು ಹೋಗಿ ಎರಡು ವರ್ಷವಾಯಿತು. ಹುಬ್ಬಳ್ಳಿಯ ಸ್ಟೇಶನ್ನಿಗೆ ಮಂಗಳೂರ ಹೆಂಚು ಬಂದಿದೆಯಂತೆ. ಮಣ್ಣೆಲ್ಲ ಇಳಿಸಿ, ಮರ ಏರಿಸಿ, ಮಿರಗದೊಳಗೆ ಮುಗಿಸಿ ಕೊಡುತ್ತೇನೆ ಎಂದಿದ್ದಾನೆ ಇಮಾಮಸಾಬ. ಹಾಗಾದರೆ ನಾನು ಕುಣಿಯಬೇಕಿತ್ತು. ಕುಣಿಯುವ ಬದಲು ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದೆ. ಮೊದಲ ಸಲ ಸೋರಿದ ಜಾಗ ನೋಡುವ ನೆಪ. ಎರಡನೆಯ ಸಲ ಸಂಡಿಗೆ ಮಗುಚುವ ನೆಪ. ಅದನ್ನು ಆಗಲೇ ಯಾರೋ ಮಗುಚಿದ್ದರು. ಯಾರು ಎಂದು ಕೇಳಬೇಕಾಗಿಯೇ ಇರಲಿಲ್ಲ. ಮೂರನೆಯ ಸಲಕ್ಕೆ ನೆಪವೂ ಸಿಗಲಿಲ್ಲ.

ಮನಸ್ಸು ತೂಗಾಡಿದರೆ ಹಾಳೆಯ ನಡುವೆ ಗೆರೆ ಎಳೆದು ಎರಡೂ ಬದಿ ಕಾರಣ ಬರೆಯಿರಿ ಎಂದು ಕಲಿಸಿದವರೂ ಆ ಸಿಸ್ಟರೇ. ಬರೆದೆ. ಹೆಂಚಿನ ಬದಿಗೆ ಬೇಗ ಬೇಗ ತುಂಬಿತು: ಒಣ ಹಾಸಿಗೆ, ಗೆದ್ದಲಿಲ್ಲ, ಹಾವು ಚೇಳಿನ ಭಯವಿಲ್ಲ, ಕಂಬಳಿ ಹೊದ್ದು ತುಳಿಯಬೇಕಾಗಿಲ್ಲ, ತವರಿನವರು ಬಂದರೆ ಮರ್ಯಾದೆ. ಮಣ್ಣಿನ ಬದಿಗೆ ‘ಸಂಡಿಗೆ’ ಎಂದು ಬರೆದು ಪೆನ್ಸಿಲು ಕಚ್ಚುತ್ತ ಕೂತೆ. ಇನ್ನೊಂದು ಕಾರಣ ಇತ್ತು. ಅದು ಹಾಳೆಯ ಮೇಲೆ ಬರೆಯುವಂಥದಲ್ಲ. ಇವರು ಓದಿದರೆ ನಗುವಂಥದು. ಇಳಿಜಾರು ಮಾಡಿನ ಮೇಲೆ ಯಾರೂ ನಡೆದು ಬರುವಂತಿಲ್ಲ.

ನಮ್ಮ ಓಣಿಯ ಮಾಳಿಗೆಗಳು ಒಂದಕ್ಕೊಂದು ತಾಗಿಕೊಂಡಿವೆ. ಕೆಳಗಿನ ಬೀದಿ ಗಂಡಸರದು, ಮೇಲಿನದು ನಮ್ಮದು. ನಾನು ಬಾಣಂತಿಯಾಗಿದ್ದಾಗ ನೀಲವ್ವನವರ ಅಗ್ಗಿಷ್ಟಿಗೆ ಆ ದಾರಿಯಿಂದಲೇ ಬಂದಿತು. ಅವರ ಮಗಳ ಶಾಲೆಯ ಇಂಗ್ಲಿಷ್ ಪಾಠ ಅದೇ ದಾರಿಯಿಂದ ಬಂದು, ನನ್ನ ಒಲೆಯ ಮುಂದೆ ಕೂತು, ಮರಳಿ ಹೋಯಿತು. ತವರಿನಲ್ಲಿ ಪಕ್ಕದ ಮನೆ ಹಳ್ಳದ ಆಚೆ ಇತ್ತು. ಹಳ್ಳ ತುಂಬಿದರೆ ನಾಲ್ಕು ತಿಂಗಳು ಅವ್ವನಿಗೆ ಇನ್ನೊಬ್ಬ ಹೆಂಗಸಿನ ಮುಖ ಕಾಣುತ್ತಿರಲಿಲ್ಲ. ಅವಳು ಒಲೆಯೊಡನೆ ಮಾತಾಡುತ್ತಿದ್ದಳು. ನಾನು ಅದನ್ನು ಚಿಕ್ಕಂದಿನಲ್ಲಿ ಹಾಡು ಎಂದುಕೊಂಡಿದ್ದೆ. ಒಂದು ಹನಿಯೂ ಸೋರದ ಮನೆಯಲ್ಲಿ, ಬೆಚ್ಚಗೆ, ಒಲೆಯೊಡನೆ.

ಹೆಂಚಿನ ಸುದ್ದಿಯನ್ನು ನೀಲವ್ವನವರಿಗೆ ಹೇಳಬೇಕೆಂದು ಬೆಳಿಗ್ಗೆಯಿಂದ ನೋಡುತ್ತಿದ್ದೆ, ಬಾಯಿ ಬಂದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಇಮಾಮಸಾಬ ಬಂದು ಪಡಸಾಲೆಯಲ್ಲಿ ಕೂತ. “ಏನ್ ಮಾಡೂಣ್ರಿ ಅವ್ವಾರ? ಹಂಚು ಅಂದ್ರ ನಾಳೆನ ಗಾಡಿ ಹೊಡಸ್ತೇನಿ” ಎಂದ. “ಚಹಾ ಕುಡೀರಿ ಮೊದಲ” ಎಂದೆ. ಅಷ್ಟರಲ್ಲಿ ಮಾಳಿಗೆಯ ಮೆಟ್ಟಿಲಿನಿಂದ ನೀಲವ್ವ ಇಳಿದರು. ಮನೆಯಲ್ಲಿ ಉಡುವ ಮಾಸಿದ ಸೀರೆ, ಕೈಗೆ ಹತ್ತಿದ ಜೋಳದ ಹಿಟ್ಟು, ಬಟ್ಟಲಲ್ಲಿ ಬಿಸಿ ಬದನೆಕಾಯಿ ಪಲ್ಯ. ಗೌಂಡಿಯ ಕೊನೆಯ ಮಾತು ಅವರ ಕಿವಿಗೆ ಬಿದ್ದಿತ್ತು. ಬಟ್ಟಲನ್ನು ನನ್ನ ಕೈಗಿಟ್ಟು, ಏನೂ ವಿಶೇಷವಿಲ್ಲ ಎಂಬಂತೆ ಒಂದು ಮಾತು ಹೇಳಿ, ಒಲೆಯ ಮೇಲೆ ರೊಟ್ಟಿ ಇದೆಯೆಂದು ಹೊರಟೇ ಹೋದರು.

ಅವರು ಮೆಟ್ಟಿಲು ಹತ್ತಿ ಮುಗಿಸುವುದರೊಳಗೆ ನಾನು ಇಮಾಮಸಾಬನಿಗೆ, ಕರ್ಲುಮಣ್ಣನ್ನೇ ತರಿಸಿ, ಈ ವರ್ಷ ಒಂದು ಗಾಡಿ ಹೆಚ್ಚಿಗೆ ಇರಲಿ, ನಡುಮನೆಯ ಆ ಜಾಗವನ್ನು ಮಾತ್ರ ಚಕ್ಕೆ ಬದಲಿಸಿ ಸರಿಮಾಡಿ ಎಂದುಬಿಟ್ಟಿದ್ದೆ. ಅವನು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಮುಂದಿದೆ. ಇನ್ನು ಸ್ವಲ್ಪ ಹೊತ್ತಿಗೆ ಇವರು ಬರುತ್ತಾರೆ, ಹದಿನಾರು ವರ್ಷದ ಜಪ ಏನಾಯಿತೆಂದು ಕೇಳುತ್ತಾರೆ. ಹಾಳೆಯನ್ನು ತೋರಿಸುವಂತಿಲ್ಲ, ಅದರ ತುಂಬ ಹೆಂಚೇ ಇದೆ. ನೀಲವ್ವನವರ ಮಾತನ್ನೇ ಇವರಿಗೆ ಹೇಳಬೇಕು. ನೀಲವ್ವ ಅಂದದ್ದು ಇಷ್ಟೇ:

“ಹಂಚು ಹಾಕಸ್ರಿ ಅಕ್ಕಾರ, ಛಲೋನ ಆತು. ಇನ್ನ ನಾನೂ ನಿಮ್ಮ ಮನಿಗಿ ಬೀದಿ ಬಾಗಲದಿಂದ ಬರಬೇಕು. ಕೈ ತೊಳಕೊಂಡು, ಸೀರಿ ಬದಲಿ ಮಾಡಿ, ಬೀಗರ ಮನಿಗಿ ಬಂದಂಗ.”